ಸುಡದರಳೆಯ ತಗ್ಗು

ಕೆಂಗಾಳಿ ಶಕೆ, ಎರಡನೆಯ ಆಷಾಢದ ಮೂವತ್ತೆಂಟನೆಯ ಹಗಲು
ರೆಕ್ಕೆಕಾಲುವೆ ಓಣಿ, ಕಪ್ಪತಗುಡ್ಡದ ಬುಡ

ನಾನು ಹುಟ್ಟುವುದಕ್ಕೆ ಬಹಳ ಮೊದಲೇ ಮಲಗಿ ನಿದ್ದೆಹೋದವರಿಗೆ, ಹಾಸಿಗೆ ಹಿಂಜುವ ಪೀರಾಂಬಿಯ ಸಲಾಮು ಮತ್ತು ಶರಣು.

ಆಷಾಢದಲ್ಲಿ ಮೂವತ್ತೆಂಟನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ಮಳೆ ಬೀಳುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ, ದಿನಗಳನ್ನು ಸೇರಿಸುತ್ತಾ ಹೋಗುತ್ತೇವೆ. ನನ್ನ ಮಾತೂ ನಿಮಗೆ ವಿಚಿತ್ರವೆನಿಸೀತು. ನಾವಾಡುವ ಕನ್ನಡ ಬೇರೆ, ನಿಮ್ಮ ಕಾಲದ ಅಚ್ಚಿನ ಕನ್ನಡ ಬೇರೆ. ನೀವು ಹಾಸಿಗೆಯ ಕೆಳಗೆ ಹಾಸಿ ಮರೆತುಬಿಟ್ಟ ಪತ್ರಿಕೆಗಳನ್ನು ಓದಿ ಅದನ್ನು ಕಲಿತವಳು ನಾನು. ನಡುನಡುವೆ ವಧು ಬೇಕಾಗಿದ್ದಾಳೆ ಎಂಬ ಧಾಟಿ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ನಿಮ್ಮನ್ನು ಮುಟ್ಟುವ ಬಗೆಯನ್ನೂ ಹೇಳಿಬಿಡುತ್ತೇನೆ. ಹಾಸಿಗೆಯೊಳಗೆ ಹೊಲಿದಿಟ್ಟದ್ದು ಅದರ ಮೇಲೆ ಹಿಂದೆ ಮಲಗಿದವರಿಗೂ ಕನಸಿನಲ್ಲಿ ಕಾಣುತ್ತದೆ ಎಂದು ನಮ್ಮವರ ನಂಬಿಕೆ. ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಬರೆದು, ಮಡಚಿ, ಒಂದು ಪುಟ್ಟ ಹಾಸಿಗೆಯ ಮೂಲೆಯಲ್ಲಿಟ್ಟು ಹೊಲಿಯಲಿದ್ದೇನೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ನಿದ್ದೆಯಲ್ಲಿದ್ದೀರಿ ಎಂದರ್ಥ. ಗಾಬರಿಯಾಗಬೇಡಿ, ಮಗ್ಗುಲು ಬದಲಿಸದೆ ಸ್ವಲ್ಪ ಹೊತ್ತು ಹಾಗೆಯೇ ಇರಿ.

ನನ್ನ ಕಸುಬು ಸುಡದರಳೆಯದು. ಹೆಸರು ನಮ್ಮದು, ವಸ್ತು ನಿಮ್ಮದು. ನಿಮ್ಮಲ್ಲಿ ಕೆಲವರ ಹಾಸಿಗೆಯ ಮೇಲ್ಬಟ್ಟೆಗೂ ಒಳಗಿನ ಸ್ಪಂಜಿಗೂ ನಡುವೆ, ಸೋಫಾದ ಮೈಯಲ್ಲಿ, ದೂರದೂರಿನ ಬಸ್ಸಿನ ಸೀಟಿನಲ್ಲಿ, ಬೆಳ್ಳಗೆ, ತುಸು ಒರಟಾಗಿ ನಾರಿನದೊಂದು ಪದರ ಇರುತ್ತದಲ್ಲ, ಅದೇ ಇದು. ನೀವು ಅದನ್ನು ಕಣ್ಣಾರೆ ನೋಡಿರಲಿಕ್ಕಿಲ್ಲ. ಕಿಡಿ ಬಿದ್ದರೆ ಅದು ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ, ಆದರೆ ಹತ್ತಿಕೊಂಡು ಉರಿಯುವುದಿಲ್ಲ. ಅದನ್ನು ಮಾಡುವ ವಿದ್ಯೆ ಈಗ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿರುವ ಒಂದೊಂದು ಹಿಡಿಯೂ ತಿಪ್ಪೆಗಣಿಯಿಂದ ಬಂದದ್ದು. ತಿಪ್ಪೆಗಣಿ ಎಂದರೆ ನೀವು ಕಸ ಎಸೆದ ಗುಡ್ಡ. ನಾವು ಅಲ್ಲಿ ಸುರಂಗ ತೋಡಿ ನಿಮ್ಮ ಸೋಫಾಗಳನ್ನು ಹೊರತೆಗೆಯುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರು ಎಂದು ಓಣಿಯ ಮುದುಕರು ನಿಮ್ಮನ್ನು ಬೈಯುವುದುಂಟು. ನಾನು ಬೈಯುವುದಿಲ್ಲ. ಬಾವಿಯ ಮಾತು ಹೇಗೇ ಇರಲಿ, ಹಾಸಿಗೆಯನ್ನಂತೂ ಸರಿಯಾಗಿ ತುಂಬಿದಿರಿ.

ನಾವು ಹಗಲು ಮಲಗಿ ಸಂಜೆಗೆ ಏಳುವ ಜನ. ಬಿಸಿಲೇರುವ ಮೊದಲೇ ರೊಟ್ಟಿ ಬಡಿದು, ಉಂಡು, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡುತ್ತೇವೆ. ಗುಡ್ಡದ ಮೇಲೆ ನೀವು ನಿಲ್ಲಿಸಿದ್ದ ಗಾಳಿಕಂಬಗಳು ಎಂದೋ ಬಿದ್ದುಹೋದವು; ಅವುಗಳ ಉದ್ದನೆಯ ರೆಕ್ಕೆಗಳನ್ನು ಸೀಳಿ ಒಂದಕ್ಕೊಂದು ಜೋಡಿಸಿ ಓಣಿಯ ತುಂಬ ನೀರಿನ ಕಾಲುವೆ ಮಾಡಿಕೊಂಡಿದ್ದೇವೆ. ಹಗಲೆಲ್ಲ ಆ ನೀರಿನ ಸಪ್ಪಳ ಕೇಳುತ್ತಾ ಇಡೀ ಓಣಿ ಮಲಗಿರುತ್ತದೆ. ಹೊರಗೆ ಬೆಳಕು ಹಾಲಿನಂತೆ ಸುರಿಯುತ್ತಿರುತ್ತದೆ, ಒಳಗೆ ಎಲ್ಲರೂ ಕನಸಿನಲ್ಲಿ ಓಡಾಡುತ್ತಿರುತ್ತಾರೆ. ವರ್ಷಕ್ಕೊಮ್ಮೆ ಗುಡ್ಡದ ಒಣಹುಲ್ಲಿನ ಕಿಡಿಗಳನ್ನು ಹೊತ್ತು ಕೆಂಗಾಳಿ ಬೀಸುತ್ತದೆ. ಸುಡದರಳೆಯ ಹಾಸಿಗೆ ಇದ್ದವರು ಅದನ್ನೇ ಹೊದ್ದುಕೊಂಡು ಬದುಕುತ್ತಾರೆ. ಹುಟ್ಟುವ ಕೂಸಿಗಂತೂ ಅದು ಬೇಕೇ ಬೇಕು. ತೊಟ್ಟಿಲ ಹಾಸಿಗೆಗೆ ಕೆಂಡ ಮುಟ್ಟಿಸಿ, ಹತ್ತಿಕೊಳ್ಳಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಾವು ಕೂಸಿಗೆ ಹೆಸರಿಡುವುದು.

ನಿಮ್ಮ ಕಾಲದಲ್ಲಿ ಸತ್ತವರ ಹಾಸಿಗೆಯನ್ನು ಊರ ಹೊರಗೆ ಒಯ್ದು ಸುಡುತ್ತಿದ್ದರಂತೆ. ನಮ್ಮ ಹಾಸಿಗೆ ಸುಡುವುದಿಲ್ಲವಲ್ಲ, ಏನು ಮಾಡುವುದು? ಮನುಷ್ಯ ಹೋಗುತ್ತಾನೆ, ಹಾಸಿಗೆ ಉಳಿಯುತ್ತದೆ, ಅದರಲ್ಲಿ ಅವನು ಮಲಗಿದ ತಗ್ಗು ಉಳಿಯುತ್ತದೆ. ಸುಡದರಳೆ ಮೈಯ ಅಚ್ಚನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ: ಭುಜದ ಗುಳಿ, ಸೊಂಟದ ಗುಳಿ, ತಲೆಯ ದುಂಡು. ಹೆಂಗಸರು ಆ ತಗ್ಗಿನಲ್ಲಿ ಕೈಯಿಟ್ಟುಕೊಂಡು ಕುಳಿತುಬಿಡುತ್ತಾರೆ. ಆಗ ನನಗೆ ಕರೆ ಬರುತ್ತದೆ. ನಾನು ಅರಳೆ ಹಿಂಜುವ ಬಿಲ್ಲು, ಅದರ ನರದ ಹುರಿ ಮೀಟುವ ಮರದ ಕೊಡತಿ ಹೊತ್ತು ಹೋಗಿ, ಹಾಸಿಗೆಯ ಹೊಲಿಗೆ ಬಿಚ್ಚಿ, ಅರಳೆಯನ್ನು ಹೊಸದಾಗಿ ಹಿಂಜಿ, ಹುಟ್ಟಲಿರುವವರ ಮನೆಗೆ ಕಳಿಸುತ್ತೇನೆ. ಇದಕ್ಕೆ ಮರುಹಿಂಜು ಎನ್ನುತ್ತೇವೆ.

ಈ ಕೆಲಸಕ್ಕೆ ಮೆತ್ತನೆಯ ಬಾಯಿ ಆಗಿಬರುವುದಿಲ್ಲ. ಅಳುತ್ತ ಕೂತವರ ರಟ್ಟೆ ಹಿಡಿದು ಎಬ್ಬಿಸಿ, "ತಗ್ಗಿನ್ಯಾಗ ಯಾರೂ ಇಲ್ಲವ್ವಾ, ಏಳ ಇನ್ನ" ಎಂದು ಹೇಳಿ ಬಿಲ್ಲು ಮಿಡಿಯುವುದೇ ನನ್ನ ರೀತಿ. ಓಣಿಯಲ್ಲಿ ನನಗೆ ಕಲ್ಲೆದೆಯ ಪೀರಾಂಬಿ ಎಂದೇ ಹೆಸರು. ಅದಕ್ಕೆ ನನಗೆ ಬೇಜಾರೇನೂ ಇಲ್ಲ.

ಹೋದ ವರ್ಷದ ಕೆಂಗಾಳಿ ಕಳೆದ ಮೇಲೆ ನನ್ನ ಗಂಡ ಮುಕ್ತುಮಸಾಬ ತೀರಿಕೊಂಡ. ತಿಪ್ಪೆಗಣಿಯ ಧೂಳು ಎದೆಯಲ್ಲಿ ಕೂತಿತ್ತು. ಒಂದು ಮಧ್ಯಾಹ್ನ ನಿದ್ದೆಯಿಂದ ಏಳಲೇ ಇಲ್ಲ. ಅವನು ತಾಳೆಮರದಂಥ ಆಳು. ಯಾವ ಹಾಸಿಗೆಯೂ ಅವನಿಗೆ ಸಾಲುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಂಥವನನ್ನು ನೋಡಿಯೇ ಹುಟ್ಟಿದ್ದು ಎಂದು ನಾನು ಜೀವಮಾನವಿಡೀ ಅವನನ್ನು ಕಾಡಿಸಿದೆ. ಅವನು ಮಾತ್ರ ಅಂಗಾತ, ನೆಟ್ಟಗೆ, ಹಲಗೆಯಂತೆ ಮಲಗಿ, ಹಿಮ್ಮಡಗಳನ್ನು ಹಾಸಿಗೆಯಾಚೆ ಗಾಳಿಗೆ ಬಿಟ್ಟು, ಗಾದೆ ಮಾಡಿದವನು ಗಿಡ್ಡನಿರಬೇಕು ಎನ್ನುತ್ತಿದ್ದ.

ಅವನು ಹೋದ ಮೇಲೆ ನನ್ನ ಹಾಸಿಗೆಯನ್ನು ಓಣಿಯ ಒಂದು ಮದುಮಗಳಿಗೆ ಕೊಟ್ಟೆ. ಅವನದನ್ನು ಇಟ್ಟುಕೊಂಡು ಅದರ ಮೇಲೆಯೇ ಮಲಗತೊಡಗಿದೆ. ಅವನ ತಗ್ಗಿನಲ್ಲಿ ನನ್ನ ಮೈ ಇಳಿದಾಗ, ಅವನೇ ಅತ್ತ ಸರಿದು ಜಾಗ ಕೊಟ್ಟಂತೆ ಅನಿಸುತ್ತಿತ್ತು. ಕನಸಿನಲ್ಲಿ ಕಾಲುವೆಯ ಸಪ್ಪಳದ ಜೊತೆ ಅವನ ಉಸಿರಿನ ಸಪ್ಪಳವೂ ಕೇಳುತ್ತಿತ್ತು. ಮರುಹಿಂಜು ಯಾವಾಗ ಎಂದು ಜನ ಕೇಳಿದರು. ನಾಳೆ ಎಂದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ನನ್ನ ಬೆನ್ನ ಹಿಂದೆ ನಕ್ಕರು. ನಗಲಿ ಬಿಡಿ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ತಗ್ಗನ್ನು ಬಿಟ್ಟರೆ ನನಗೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ.

ಆದರೆ ಪಕ್ಕದ ಮನೆಯ ನಿಂಬೆವ್ವನಿಗೆ ದಿನ ತುಂಬುತ್ತಿತ್ತು. ಅವಳ ಚೊಚ್ಚಲ ಕೂಸು ಹುಟ್ಟಿದಾಗ ಓಣಿಯಲ್ಲಿ ಹಿಡಿ ಅರಳೆಯೂ ಉಳಿದಿರಲಿಲ್ಲ. ತೊಟ್ಟಿಲಿಗೆ ಜೋಳದ ಒಣಗಿದ ಗರಿ, ರವದಿ ಹಾಸಿದ್ದರು. ಕೆಂಗಾಳಿ ಬಂತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಈ ಸಲವೂ ಗಣಿಯಿಂದ ಏನೂ ಸಿಗಲಿಲ್ಲ. ಎಲ್ಲರ ಹಾಸಿಗೆಗಳೂ ಅರಳೆ ತೆಗೆದು ತೆಗೆದು ಚಪಾತಿಯಷ್ಟು ತೆಳ್ಳಗಾಗಿದ್ದವು. ಓಣಿಯಲ್ಲಿ ದಪ್ಪನೆಯ ಹಾಸಿಗೆ ಎಂದು ಉಳಿದದ್ದು ಮುಕ್ತುಮಸಾಬನದೊಂದೇ. ಕೊಟ್ಟರೆ ತೊಟ್ಟಿಲು ತುಂಬುತ್ತದೆ, ತಗ್ಗು ಹೋಗುತ್ತದೆ. ಕೊಡದಿದ್ದರೆ ಮತ್ತೆ ರವದಿ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡುತ್ತಿದ್ದೆ. ಗುಡ್ಡದ ಹುಲ್ಲು ದಿನದಿನಕ್ಕೆ ಕೆಂಪಾಗುತ್ತಿತ್ತು, ನಾನು ಬಾಗಿಲ ಗೋಣಿ ಇಳಿಬಿಟ್ಟು ಒಳಗಿರುತ್ತಿದ್ದೆ.

ಒಂದು ಹಗಲು ನಿಂಬೆವ್ವನೇ ಬಂದಳು. ಕೇಳಲು ಬಂದಳೆಂದು ನಾನು ಮುಖ ಗಂಟಿಕ್ಕಿಕೊಂಡು ಕೂತೆ. ಅವಳು ಏನೂ ಕೇಳಲಿಲ್ಲ. ತನ್ನ ಮನೆಯ ಗೋಡೆ ಕಾದ ಹಂಚಾಗಿದೆ, ಇಲ್ಲಿ ತುಸು ಒರಗುತ್ತೇನೆ ಎಂದವಳೇ, ನಾನು ಬೇಡವೆನ್ನುವುದರೊಳಗೆ ಆ ಹಾಸಿಗೆಯ ಮೇಲೆ ಮಗ್ಗುಲಾಗಿಬಿಟ್ಟಳು. ನಿಂಬೆವ್ವನೂ ಎತ್ತರದ ಹೆಣ್ಣು. ಅವಳೂ ಮುಕ್ತುಮಸಾಬನೂ ಬೆನ್ನಿಗೆ ಬೆನ್ನು ಹಚ್ಚಿ ನಿಂತು ಯಾರು ಉದ್ದ ಎಂದು ನೋಡುತ್ತಿದ್ದುದು ಓಣಿಗೆಲ್ಲ ತಮಾಷೆಯಾಗಿತ್ತು. ಕಣ್ಣು ಮುಚ್ಚಿದಳು. ಮೈಯನ್ನು ಅತ್ತಿತ್ತ ಆಡಿಸಿದಳು. ಕಾಲುಗಳು ತಾವಾಗಿಯೇ ಮಡಚಿಕೊಂಡವು. ನಿದ್ದೆಯಲ್ಲಿ ಮಾತಾಡಿದಂತೆ ಮೆಲ್ಲಗೆ ಕೇಳಿದಳು:

"ದೊಡ್ಡವ್ವಾ, ದೊಡ್ಡಪ್ಪ ಯಾವತ್ತರ ಮೊಣಕಾಲು ಮಡಚಿ ಮಲಗಿದ್ನೇನು?"

ನಾನು ಅವಳನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿ, ಗೋಣಿ ಸರಿಸಿ, ಬಿಸಿಲನ್ನು ಒಳಗೆ ಬಿಟ್ಟು ನೋಡಿದೆ. ಇಷ್ಟು ವರ್ಷ ಊರಿನ ತಗ್ಗುಗಳನ್ನೆಲ್ಲ ಓದಿದವಳು, ನನ್ನ ಮನೆಯದನ್ನು ಬೆಳಕಿನಲ್ಲಿ ನೋಡಿರಲೇ ಇಲ್ಲ. ಹಾಸಿಗೆಯ ನಡುವಿಗೇ ಮುಗಿದುಹೋಗುವ ಗಿಡ್ಡನೆಯ ತಗ್ಗು. ಬಲ ಭುಜದ ಗುಳಿ. ಸೊಂಟದ ಗುಳಿ. ಮುಂದಕ್ಕೆ ಮಡಚಿದ ಎರಡು ಮೊಣಕಾಲು. ಒಂಟಿ ಹೆಂಗಸೊಬ್ಬಳು ಮುದುಡಿಕೊಂಡು ಮಲಗುವ ರೀತಿ. ಅವನ ನೆಟ್ಟನೆಯ ಬೆನ್ನು, ಆಚೆ ಹೋಗುತ್ತಿದ್ದ ಹಿಮ್ಮಡ, ಒಂದರ ಗುರುತೂ ಇರಲಿಲ್ಲ. ಅವನು ಬೇಕೆಂದು ದಿನದಿನವೂ ಅವನ ಮೇಲೆ ಮಲಗಿ ಮಲಗಿ, ಅವನನ್ನು ನಾನೇ ಅಳಿಸಿಹಾಕಿದ್ದೆ.

"ಇದು ನನ್ನ ತಗ್ಗೇ ನಿಂಬಿ" ಎಂದೆ. ಅತ್ತೆ. ಅವನು ಸತ್ತ ದಿನ ಅಳದಷ್ಟು ಅತ್ತೆ. ಆ ಹುಡುಗಿ ತನ್ನ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಬೆನ್ನು ಸವರುತ್ತ ಕೂತಳು. ಏಳು ಎನ್ನಲಿಲ್ಲ, ತಗ್ಗಿನಲ್ಲಿ ಯಾರೂ ಇಲ್ಲ ಎಂದೂ ಹೇಳಲಿಲ್ಲ. ಅಷ್ಟು ಒಳ್ಳೆಯತನ ನನ್ನ ಬಾಯಿಗೆ ಎಂದೂ ಬಂದಿರಲಿಲ್ಲ.

ಸಂಜೆ ಎದ್ದು ಹೊಲಿಗೆ ಬಿಚ್ಚಿದೆ. ಒಳಗೆ, ನಿಮ್ಮ ಅಂಗಿಗಳ ಒಳಅಂಚಿಗೂ ಹೊಲಿದಿರುತ್ತದಲ್ಲ, ಅಂಥದೇ ನಿಮ್ಮ ಕಾಲದ ಬಿಳಿಯ ಚೀಟಿ ಇತ್ತು. ಇಂಥ ಚೀಟಿ ಸಿಗುವುದು ನಮ್ಮಲ್ಲಿ ಭಾಗ್ಯ. ಅದರ ಮೇಲೆ ನಿಮ್ಮ ಹಿರಿಯರು ಮುಂದಿನವರಿಗಾಗಿ ಅಚ್ಚು ಹಾಕಿಸಿದ ಹರಕೆಗಳಿರುತ್ತವೆ. ನೀರು ತುಂಬಿದ ಬಾನಿಯ ಮೇಲೆ ಕತ್ತರಿ ಗೆರೆ, ಹೊಳೆ ಮನೆಗೆ ನುಗ್ಗದಿರಲಿ ಎಂದು. ಮೂರು ಮೂಲೆಯ ಗುಡ್ಡದ ಮೇಲೆ ಕತ್ತರಿ, ಗುಡ್ಡ ಹತ್ತಿ ಉರಿಯದಿರಲಿ ಎಂದು. ಚೌಕದ ಮನೆಯೊಳಗೆ ದುಂಡನೆಯ ಸೂರ್ಯ, ಅವನ ಮೇಲೂ ಕತ್ತರಿ. ಕೊನೆಗೊಂದು ಪುಟ್ಟ ದೋಣಿ, ಅದಕ್ಕೂ ಕತ್ತರಿ, ಊರು ಬಿಟ್ಟು ಹೋಗುವ ಗತಿ ಬಾರದಿರಲಿ ಎಂದು. ನಮ್ಮನ್ನು ಕಾಣದೆಯೇ ನಮ್ಮ ಕಷ್ಟಗಳನ್ನು ಎಷ್ಟು ಸರಿಯಾಗಿ ಊಹಿಸಿ ಹರಸಿದಿರಿ! ಅದನ್ನು ತಾಯತದಂತೆ ತೊಟ್ಟಿಲಿಗೆ ಕಟ್ಟಲು ಎತ್ತಿಟ್ಟೆ.

ಆಮೇಲೆ ಬಿಲ್ಲು ತೂಗುಹಾಕಿ, ಕೊಡತಿಯಿಂದ ನರ ಮೀಟಿದೆ. ಝೊಂಯ್ ಎಂದಾಗಲೆಲ್ಲ ಅರಳೆ ಹಾರಿ ಮನೆಯೆಲ್ಲ ಬಿಳಿ ಮಂಜಾಯಿತು. ನನ್ನ ಮೊಣಕಾಲು ಹೋಯಿತು, ಭುಜ ಹೋಯಿತು. ಅದರಡಿಯಲ್ಲಿ ಎಲ್ಲೋ ಅವನಿದ್ದ, ಅವನೂ ಹೋದ. ಅವನ ಅಡಿಯಲ್ಲಿ ಇನ್ನೂ ಯಾರು ಯಾರೋ, ಎಲ್ಲರಿಗಿಂತ ಅಡಿಯಲ್ಲಿ ನೀವು. ಎಲ್ಲರೂ ಒಟ್ಟಿಗೆ ನನ್ನ ಕೂದಲ ಮೇಲೆ, ರೆಪ್ಪೆಯ ಮೇಲೆ ಬಂದು ಕೂತರು. ನಿಂಬೆವ್ವ ನನ್ನನ್ನು ನೋಡಿ, ಮುದುಕಿ ಮದುವೆಗೆ ಹೊರಟಂತಿದೆ ಎಂದು ನಕ್ಕಳು. ನನಗೂ ನಗು ಬಂತು.

ತೊಟ್ಟಿಲ ಹಾಸಿಗೆಗೆ ಕೆಂಡ ಮುಟ್ಟಿಸಿದೆವು, ಹತ್ತಿಕೊಳ್ಳಲಿಲ್ಲ. ಹುಟ್ಟಿದ್ದು ಹೆಣ್ಣು ಕೂಸು, ಈಗಲೇ ಕಾಲು ಉದ್ದ. ಮೊನ್ನೆ ಕೆಂಗಾಳಿ ಬಂದು ಹೋಯಿತು. ಓಣಿಯೆಲ್ಲ ಕಾಲುವೆಗೆ ಇಳಿದು ಒದ್ದೆ ಗೋಣಿ ಹೊದ್ದು ಕೂತಿತ್ತು. ತೊಟ್ಟಿಲ ಹಾಸಿಗೆಯನ್ನೇ ಕೂಸಿಗೆ ಸುತ್ತಿ ನಿಂಬೆವ್ವ ಎದೆಗೆ ಒತ್ತಿಕೊಂಡಿದ್ದಳು. ಕಿಡಿಯೊಂದು ಅದರ ಮೇಲೆಯೇ ಬಿತ್ತು. ಅವಳು ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕಿಡಿ ಅಲ್ಲೇ ಕಪ್ಪಾಗಿ ಆರಿತು. ದೃಷ್ಟಿಬೊಟ್ಟು ಇಟ್ಟಂತೆ ಒಂದು ಚುಕ್ಕೆ ಉಳಿಯಿತು, ಅಷ್ಟೇ. ಕೂಸಿಗೆ ಎಚ್ಚರವೂ ಆಗಲಿಲ್ಲ. ಆ ಚುಕ್ಕೆಯ ಪಕ್ಕದಲ್ಲಿಯೇ ಈ ಕಾಗದವನ್ನು ಹೊಲಿಯುತ್ತೇನೆ.

ಮಿಕ್ಕ ಅರಳೆಯನ್ನು ಓಣಿಯ ತೆಳ್ಳನೆಯ ಹಾಸಿಗೆಗಳಿಗೆ ಹಂಚಿ, ನಾನೀಗ ಬರಿಗಲ್ಲಿನ ಮೇಲೆ ಮಲಗುತ್ತೇನೆ. ಕಲ್ಲೂ ಸುಡುವುದಿಲ್ಲ, ಆದರೆ ಅದರಲ್ಲಿ ತಗ್ಗು ಬೀಳುವುದಿಲ್ಲ. ವಿಚಿತ್ರ ನೋಡಿ, ಈಗ ಕನಸಿಗೆ ಬರುವ ಮುಕ್ತುಮಸಾಬನ ಹಿಮ್ಮಡಗಳು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ.

ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ನಿಮಗೆ ಇನ್ನೇನು ಎಚ್ಚರವಾಗುತ್ತದೆ. ಕಣ್ಣು ತೆರೆದಾಗ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ, ಅವರು ಹೇಗೆ ಮಲಗುತ್ತಾರೆ ಎಂದು ಒಮ್ಮೆ ಬೆಳಕಿನಲ್ಲಿ ಚೆನ್ನಾಗಿ ನೋಡಿಕೊಳ್ಳಿ. ಆಮೇಲೆ ಅವರ ಕಡೆಗೆ ತುಸು ಸರಿದು ಮಲಗಿ. ಹಾಸಿಗೆ ಎಲ್ಲರನ್ನೂ ಬೆಂಕಿಯಿಂದ ಕಾಯುತ್ತದೆ, ಆದರೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಕಲ್ಲೆದೆಯ ಪೀರಾಂಬಿ