ಹಬೆಗೆ ಕಾಲಂ ಇಲ್ಲದ ಕಚೇರಿಗೆ

ಮಾನ್ಯ ನಗರ ನೈರ್ಮಲ್ಯಾಧಿಕಾರಿಗಳೇ,

ಉರಿಯದ ಹುಲ್ಲಿಗೆ ಬೆಂಕಿ ಹಚ್ಚಿದಳೆಂದು ನೀವು ನನ್ನ ಅಕ್ಕನನ್ನು ಕೆಲಸದಿಂದ ತೆಗೆಸಿ ಇಂದಿಗೆ ಇಪ್ಪತ್ತಮೂರು ದಿನ. ಈ ಅವಧಿಯಲ್ಲಿ ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಮೊದಲನೆಯದು ಪರಿಶೀಲನೆಯಲ್ಲಿದೆಯಂತೆ. ಎರಡನೆಯದನ್ನು ಮೊದಲನೆಯದಕ್ಕೆ ಲಗತ್ತಿಸಲಾಗಿದೆಯಂತೆ. ಮೂರನೆಯದು ಎಲ್ಲಿದೆಯೆಂದು ಕೇಳಿದ್ದಕ್ಕೆ ಗುಮಾಸ್ತರು ನಾನೇ ಅದನ್ನು ಕದ್ದೆನೇನೋ ಎಂಬಂತೆ ನೋಡಿದರು. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಅರ್ಜಿ ಓದುವ ಅಭ್ಯಾಸ ನಿಮಗಿಲ್ಲದಿದ್ದರೂ ಪತ್ರಿಕೆ ಓದುವ ಅಭ್ಯಾಸವಿರಬಹುದು.

ನಾನು ದೊಡ್ಡಾಸ್ಪತ್ರೆಯ ತೋಟದಲ್ಲಿ ಹುಲ್ಲು ಕತ್ತರಿಸುವವನು. ನಾಲ್ಕು ಎಕರೆ ಹುಲ್ಲುಹಾಸು. ಮಳೆ ಹಿಡಿಯಿತೆಂದರೆ ಹತ್ತು ದಿನಕ್ಕೊಮ್ಮೆ ಯಂತ್ರ ಇಳಿಸಬೇಕು, ಮುಗಿಸಲು ಮೂರು ದಿನ ಬೇಕು, ಕೊನೆಯ ಮೂಲೆ ಮುಟ್ಟುವಷ್ಟರಲ್ಲಿ ಮೊದಲ ಮೂಲೆ ನನ್ನನ್ನು ಅಣಕಿಸುತ್ತ ಚಿಗುರಿರುತ್ತದೆ. ಆಹಾ, ಎಷ್ಟು ಚೆಂದದ ಹಸಿರು ಎಂದು ಹೊಗಳುವವರು ಬೇಕಾದಷ್ಟು ಜನರಿದ್ದಾರೆ. ಕತ್ತರಿಸಿದ ಮೂವತ್ತು ತಳ್ಳುಗಾಡಿ ಹುಲ್ಲು ಎಲ್ಲಿಗೆ ಹೋಗುತ್ತದೆಂದು ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಲಿಲ್ಲ. ಕೇಳದಿರುವುದಕ್ಕೆ ಕಾರಣ, ಅದು ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಅಂದರೆ ಬಟ್ಟೆ ಒಗೆಯುವ ಕಟ್ಟಡದ ಹಿಂದೆ, ನನ್ನ ಅಕ್ಕನ ಗೊಬ್ಬರದ ರಾಶಿಗೆ.

ಅಕ್ಕನಿಗೆ ಹತ್ತೊಂಬತ್ತು ವರ್ಷಗಳಿಂದ ಅದೇ ಕೆಲಸ. ಹುಲ್ಲನ್ನು ಸುಮ್ಮನೆ ಸುರಿಯುವುದಕ್ಕೆ ನನ್ನನ್ನು ಒಂದು ದಿನವೂ ಬಿಟ್ಟವಳಲ್ಲ. "ಹಸಿ ಹುಲ್ಲು ಒಂದೇ ಬಿದ್ಕೊಂಡಿದ್ರೆ ಕೊಳೆತು ನಾರುತ್ತೆ ಕಣೋ, ರಜೆ ದಿನ ಮನೇಲಿ ಬಿದ್ಕೊಂಡಿರೋ ನಿನ್ನ ಹಾಗೆ. ಒಣಗಿದ್ದು ಏನಾದ್ರೂ ಜೊತೇಲಿದ್ರೆ ಮಾಗುತ್ತೆ" ಎನ್ನುತ್ತಿದ್ದಳು. ಗೇಣುದ್ದ ಹುಲ್ಲು, ಅದರ ಮೇಲೆ ಒಣಗಿದ ಎಲೆ, ಅದರ ಮೇಲೆ ಒಗೆಯುವವರು ಹರಿದುಹೋದವೆಂದು ಬಿಸಾಡಿದ ರೋಗಿಗಳ ಹತ್ತಿ ಅಂಗಿಗಳ ಚೂರು. ನಮ್ಮ ಆಸ್ಪತ್ರೆಯ ಅಂಗಿಗಳಿಗೆ ನಾಲ್ಕು ತೂತಿನ ನೀಲಿ ಬಟನ್ ಇರುತ್ತವೆ. ಅಕ್ಕ ಅವನ್ನು ಕಿತ್ತಿಡುತ್ತಾಳೆ, ಆದರೂ ಕಣ್ಣು ತಪ್ಪಿಸಿ ಕೆಲವು ಒಳಗೆ ಸೇರಿಬಿಡುತ್ತವೆ. ಬಟ್ಟೆ ಕರಗುತ್ತದೆ, ಬಟನ್ ಕರಗುವುದಿಲ್ಲ. ಈ ಬಟನ್ನುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವು ನಿಮಗೆ ಮುಂದೆ ಬೇಕಾಗುತ್ತವೆ.

ಹೀಗೆ ಪದರ ಹಾಕಿ ವಾರಕ್ಕೊಮ್ಮೆ ಮಗುಚಿದ ರಾಶಿ ಒಳಗೊಳಗೇ ಕಾಯುತ್ತದೆ. ಚಳಿಯ ಬೆಳಗ್ಗೆ ಸಲಿಕೆ ಹಾಕಿ ಮಗುಚಿದರೆ ಅನ್ನದ ಪಾತ್ರೆಯ ಮುಚ್ಚಳ ತೆಗೆದಂತೆ ಬುಸ್ಸೆಂದು ಹಬೆ ಏಳುತ್ತದೆ. ರಾತ್ರಿ ಪಾಳಿ ಮುಗಿಸಿದ ನರ್ಸುಗಳು ಮನೆಗೆ ಹೋಗುವ ಮುನ್ನ ಅಲ್ಲಿ ನಿಂತು ಕೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಅವರೇ ಅಕ್ಕನಿಗೆ 'ಹಬೆಯಕ್ಕ' ಎಂದು ಹೆಸರಿಟ್ಟವರು. ಆಸ್ಪತ್ರೆಯ ಶಸ್ತ್ರವೈದ್ಯರಿಂದ ಹಿಡಿದು ಗೇಟು ಕಾಯುವವರ ತನಕ ಎಲ್ಲರಿಗೂ ಅದು ಹಬೆಯೆಂದು ಗೊತ್ತು. ಗೊತ್ತಿಲ್ಲದ್ದು ನಿಮ್ಮ ಇಲಾಖೆಗೆ ಮಾತ್ರ.

ಕಳೆದ ಮಳೆಗಾಲದ ಕೊನೆಗೆ ನಿಮ್ಮ ಸುತ್ತೋಲೆ ಬಂತು. ಕತ್ತರಿಸಿದ ಹುಲ್ಲನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ ಗೇಟಿನ ಬಳಿ ಇಡತಕ್ಕದ್ದು. ಮಣ್ಣಾಗಲು ತುದಿಗಾಲಲ್ಲಿ ನಿಂತಿರುವ ಹುಲ್ಲನ್ನು, ಮಣ್ಣಾಗಲೊಲ್ಲದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುವ ಈ ಉಪಾಯ ಯಾವ ಪುಣ್ಯಾತ್ಮರ ತಲೆಗೆ ಹೊಳೆಯಿತು? ನಮ್ಮ ಆಡಳಿತಾಧಿಕಾರಿ ಹೆದರುವ ಮನುಷ್ಯ. ಅರ್ಧ ಹುಲ್ಲನ್ನು ಚೀಲಕ್ಕೆ ತುಂಬಿಸಿದರು, ಇನ್ನರ್ಧ ಅಕ್ಕನ ರಾಶಿಗೇ ಹೋಯಿತು. ಮಂಗಳವಾರ ನಿಮ್ಮ ಲಾರಿ ಬಂತು. ಚಾಲಕ ಕೆಳಗೂ ಇಳಿಯದೆ, "ಇದು ಹಸಿ ಕಸದ ಗಾಡಿ. ಹುಲ್ಲು ತೋಟದ ಕಸ. ಅದಕ್ಕೆ ಬೇರೆ ಗಾಡಿ ಬರುತ್ತೆ" ಎಂದ.

"ಯಾವಾಗ ಬರುತ್ತೆ?" ಎಂದೆ.

"ಗಾಡಿ ಇನ್ನೂ ತಗೊಂಡಿಲ್ಲ."

ಇಲ್ಲದ ಗಾಡಿಗೆ ಕಾಯುತ್ತ ಗೇಟಿನ ಬಳಿ ನಲವತ್ತೊಂದು ಚೀಲಗಳು ಸೇರಿದವು. ಒಂದು ವಾರಕ್ಕೆ ಉಬ್ಬಿದವು, ಎರಡನೆಯ ವಾರಕ್ಕೆ ಸೋರಿದವು, ಮೂರನೆಯ ವಾರಕ್ಕೆ ರೋಗಿಗಳನ್ನು ನೋಡಲು ಬಂದವರು ಮೂಗು ಹಿಡಿದುಕೊಂಡು ಒಳಗೆ ಓಡತೊಡಗಿದರು. ಆಗ ನಿಮ್ಮಿಂದ ಎರಡನೆಯ ಕಾಗದ ಬಂತು, ದುರ್ವಾಸನೆಗೆ ಕಾರಣ ಕೇಳಿ! ಕಾರಣ ನಿಮ್ಮ ಮೊದಲನೆಯ ಕಾಗದ ಎಂದು ನಾನು ಬರೆಯಲು ಹೊರಟಿದ್ದೆ. ಆಡಳಿತಾಧಿಕಾರಿ ಪೆನ್ನು ಕಸಿದುಕೊಂಡರು.

ದುರ್ವಾಸನೆಯನ್ನು ಪರಿಶೀಲಿಸಲು ಬಂದ ನಿಮ್ಮ ಇನ್ಸ್‌ಪೆಕ್ಟರು ಚೀಲಗಳ ಹತ್ತಿರ ಅರ್ಧ ನಿಮಿಷವೂ ನಿಲ್ಲಲಿಲ್ಲ. ನಿಲ್ಲಲಾಗಲಿಲ್ಲ, ಪಾಪ. ಕರ್ಚೀಫು ಹಿಡಿದುಕೊಂಡು ಕಟ್ಟಡ ಸುತ್ತಿ ಹಿಂದೆ ಬಂದರು. ಚಳಿಯ ಬೆಳಗ್ಗೆ, ಅಕ್ಕ ಆಗ ತಾನೇ ರಾಶಿ ಮಗುಚಿದ್ದಳು.

"ಏನಮ್ಮಾ ಇದು, ಬೆಂಕಿ ಹಾಕಿದ್ದೀರಾ?"

"ಬೆಂಕಿ ಅಲ್ಲ ಸಾರ್, ಹಬೆ. ಕೈಯಿಟ್ಟು ನೋಡಿ, ಸುಡಲ್ಲ."

"ನಾನ್ಯಾಕೆ ಕೈಯಿಡಲಿ? ಕಣ್ಣಿಗೆ ಕಾಣ್ತಿದೆಯಲ್ಲ."

ಅವರ ಕೈಯಲ್ಲಿ ಒಂದು ನಮೂನೆ ಇತ್ತು. 'ಹೊಗೆ: ಇದೆ / ಇಲ್ಲ' ಎಂದು ಅದರಲ್ಲಿ ಅಚ್ಚಾಗಿತ್ತು. ಹಬೆ ಅಂತ ಬರೆದುಕೊಳ್ಳಿ ಸಾರ್ ಎಂದು ನಾನೂ ಅಂಗಲಾಚಿದೆ. "ಹಬೆಗೆ ಇದರಲ್ಲಿ ಕಾಲಂ ಇಲ್ಲ ಕಣ್ರೀ" ಎಂದು 'ಇದೆ' ಎಂಬುದಕ್ಕೆ ಗುರುತು ಹಾಕಿ, ಫೋಟೋ ತೆಗೆದುಕೊಂಡು ಹೊರಟೇಹೋದರು. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ನಿಮ್ಮ ಇಲಾಖೆ ನಿಯಮಾವಳಿಗೆ ಸೇರಿಸಿಕೊಂಡಿರಬೇಕು. ಅದರ ಮೇಲೆ ನೀವು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ, ಕೂತಲ್ಲೇ ಸಹಿ ಹಾಕಿದಿರಿ. ಬಯಲಿನಲ್ಲಿ ತ್ಯಾಜ್ಯ ಸುಟ್ಟ ಅಪರಾಧ, ರಾಶಿಯ ತೆರವು, ಸಂಬಂಧಪಟ್ಟ ಕೆಲಸಗಾರ್ತಿಯ ವಜಾ. ಒಂದು ಹಿಡಿ ಬೂದಿಯನ್ನಾದರೂ ಯಾರಾದರೂ ತೋರಿಸಿದರೇ? ನೀವು ಕೇಳಿದಿರಾ?

ಮರುದಿನ ನಿಮ್ಮ ಲಾರಿ ಬಂತು. ಇಲ್ಲದ ಗಾಡಿ ಎಲ್ಲಿಂದ ಹುಟ್ಟಿತೋ ಕಾಣೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಕ್ಕಾಲು ಗಂಟೆಯಲ್ಲಿ ರಾಶಿಯನ್ನು ಗೋರಿ ತುಂಬಿಕೊಂಡು ಹೋಯಿತು. ಗೇಟಿನಲ್ಲಿ ನಾರುತ್ತಿದ್ದ ನಲವತ್ತೊಂದು ಚೀಲಗಳನ್ನು ದಾಟಿಕೊಂಡೇ ಹೋಯಿತು. ಅವು ಆದೇಶದಲ್ಲಿ ಇರಲಿಲ್ಲವಂತೆ.

ಅಕ್ಕ ಈಗ ಮನೆಯಲ್ಲಿದ್ದಾಳೆ. ಬೆಳಗ್ಗೆ ಐದೂವರೆಗೆ ಏಳುತ್ತಾಳೆ, ಕೆಲಸದ ಸೀರೆ ಉಡುತ್ತಾಳೆ, ಆಮೇಲೆ ನೆನಪಾಗಿ ಅಡುಗೆಮನೆಯ ಮಣೆಯ ಮೇಲೆ ಕೂರುತ್ತಾಳೆ. "ಕೆಲಸ ಹೋದ್ರೆ ಹೋಗ್ಲಿ ಕಣೋ. ರೋಗಿಗಳಿರೋ ಜಾಗಕ್ಕೆ ಬೆಂಕಿ ಹಚ್ಚಿದವಳು ಅಂತ ಬರ್ಕೊಂಡ್ರಲ್ಲ" ಎನ್ನುತ್ತಾಳೆ. ಅವಳು ಅತ್ತದ್ದನ್ನು ನಾನು ನಮ್ಮ ಭಾವ ತೀರಿಕೊಂಡಾಗ ಬಿಟ್ಟರೆ ಈಗಲೇ ನೋಡಿದ್ದು. ನನಗೆ ಹೊಟ್ಟೆ ಉರಿಯುತ್ತಿದೆ. ಇದಕ್ಕೆ ನಿಮ್ಮ ನಮೂನೆಯಲ್ಲಿ ಕಾಲಂ ಇದೆಯೇ?

ಇನ್ನು ಬಟನ್ನುಗಳ ವಿಚಾರ. ಮೊನ್ನೆ ಮೂರನೆಯ ಅರ್ಜಿಯನ್ನು ವಿಚಾರಿಸಲು ಬಂದವನು ನಿಮ್ಮ ಕಚೇರಿಯ ಮುಂದಿನ ಬೆಂಚಿನಲ್ಲಿ ಎರಡು ತಾಸು ಕಾದೆ. ಎದುರಿಗೇ ನಿಮ್ಮ ಗುಲಾಬಿಯ ಪಾತಿಗಳಿವೆ. ಹೊಸದಾಗಿ ಕಪ್ಪು ಗೊಬ್ಬರ ಹಾಕಿತ್ತು. ನಿಮ್ಮ ಮಾಲಿ ಖುಷಿಯಲ್ಲಿದ್ದ. "ಈ ಸಲ ಒಳ್ಳೇ ಗೊಬ್ಬರ ಸಿಕ್ಕಿದೆ ಅಣ್ಣಾ, ಸಾಹೇಬ್ರೇ ತರಿಸಿದ್ದು" ಎಂದ. ನಾನು ಬಗ್ಗಿ ಒಂದು ಹಿಡಿ ಎತ್ತಿದೆ. ಅದರಲ್ಲಿ ಎರಡು ನೀಲಿ ಬಟನ್ನುಗಳಿದ್ದವು. ಪಕ್ಕದ ಪಾತಿಯಲ್ಲಿ ಇನ್ನೊಂದು ಸಿಕ್ಕಿತು. ನಾಲ್ಕು ತೂತಿನವೇ.

ಹಾಗಾದರೆ ಹೇಳಿ ಮಾನ್ಯರೇ, ಅಕ್ಕ ಹುಲ್ಲನ್ನು ಸುಟ್ಟಿದ್ದರೆ ನಿಮ್ಮ ಪಾತಿಯಲ್ಲಿರುವುದು ಬೂದಿಯಾಗಬೇಕಿತ್ತಲ್ಲ? ಬಟನ್ನುಗಳು ಕರಗಿ ಅಂಟಾಗಬೇಕಿತ್ತಲ್ಲ? ಅದು ಗೊಬ್ಬರವೆಂದು ನಿಮ್ಮ ಗುಲಾಬಿಗೆ ಗೊತ್ತಾಯಿತು, ನಿಮ್ಮ ಮಾಲಿಗೆ ಗೊತ್ತಾಯಿತು, ತರಿಸಿಕೊಂಡ ನಿಮಗೂ ಗೊತ್ತಿತ್ತು. ಆದೇಶದ ಕಾಗದಕ್ಕೆ ಮಾತ್ರ ಅದು ಇನ್ನೂ ಬೆಂಕಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಗೊಬ್ಬರವನ್ನು ನೀವೇ ಇಟ್ಟುಕೊಳ್ಳಿ. 'ಅದು ಹಬೆಯಾಗಿತ್ತು, ತಪ್ಪು ನಮ್ಮದು' ಎಂದು ಒಂದು ಸಾಲು ಬರೆದು ಸಹಿ ಮಾಡಿ, ಅಕ್ಕನನ್ನು ಅವಳ ಸಲಿಕೆಯ ಹತ್ತಿರಕ್ಕೆ ವಾಪಸು ಕಳಿಸಿ. ಆ ಚೀಲಗಳನ್ನು ಎತ್ತಿಸಿ. ಸೋಮವಾರ ನಾನು ಮತ್ತೆ ಯಂತ್ರ ಇಳಿಸಬೇಕು, ಮೂವತ್ತು ತಳ್ಳುಗಾಡಿ ಹುಲ್ಲು ಬೀಳುತ್ತದೆ, ಅದು ನಿಮ್ಮ ಪರಿಶೀಲನೆ ಮುಗಿಯುವ ತನಕ ಕಾಯುವುದಿಲ್ಲ.

ಕೊನೆಯದಾಗಿ ಒಂದು ಸಂದೇಶವಿದೆ. ಬಟನ್ನುಗಳನ್ನು ತಂದು ಅಕ್ಕನ ಕೈಗಿಟ್ಟಾಗ ಅವಳು ನಿಮ್ಮನ್ನು ಬೈಯುತ್ತಾಳೆ, ನಾನೂ ಜೊತೆಗೆ ನಾಲ್ಕು ಮಾತು ಸೇರಿಸೋಣ ಎಂದುಕೊಂಡಿದ್ದೆ. ಅವಳು ಗಾಬರಿಯಾದಳು. "ಅಯ್ಯೋ, ಅದು ಇನ್ನೂ ಒಂದೂವರೆ ತಿಂಗಳು ಮಾಗಬೇಕಿತ್ತು ಕಣೋ! ಒಳಗೆ ಕಾವು ಹಾಗೇ ಇರುತ್ತೆ, ಬೇರು ಸುಟ್ಟುಹೋಗುತ್ತೆ. ಬುಡದಿಂದ ಸರಿಸಿ, ಚೆನ್ನಾಗಿ ನೀರು ಬಿಡೋಕೆ ಹೇಳೋ ಅವ್ರಿಗೆ. ಗಿಡ ಏನು ತಪ್ಪು ಮಾಡಿದೆ?"

ಹೇಳಿದ್ದೇನೆ. ಬೇಗ ಸರಿಸಿ.

ಇಂತಿ,
ತಮ್ಮ ಕಡತಗಳ ಪ್ರಕಾರ ಬೆಂಕಿಯಿಟ್ಟವಳ ಒಡಹುಟ್ಟಿದವನು,
ಊರಿನವರ ಪ್ರಕಾರ ಹಬೆಯಕ್ಕನ ತಮ್ಮ