ಬನ್ನಿ ಗಿಡಕ್ಕೆ ಹಾಕಿದ ಬೀಗ

ನಮ್ಮ ಮೂಲೆಯ ಬೀಗದ ಕೈಯನ್ನು ಎಲ್ಲೋ ಜೋಪಾನವಾಗಿ ಇಟ್ಟಿರುವ, ನಗರಪಾಲಿಕೆ ಉದ್ಯಾನ ವಿಭಾಗದ ಮಾನ್ಯ ಅಧಿಕಾರಿಗಳೇ,

ಕುಷಾಯಿಗೂಡದ ನಮ್ಮ ಕಾಲನಿಯ ಸರ್ಕಾರಿ ಶಾಲೆಯ ಮಕ್ಕಳು ತಾವೇ ನೆಟ್ಟು ಬೆಳೆಸಿದ ಗಿಡಗಳಿಗೆ ಈಗ ಬೇಲಿಯ ಹೊರಗೆ ನಿಂತು ಹೋಳಿಯ ಪಿಚಕಾರಿಯಿಂದ ನೀರು ಹೊಡೆಯುತ್ತಿದ್ದಾರೆ. ಒಳಗೆ ಹೋಗೋಣವೆಂದರೆ ನೀವು ಬೀಗ ಹಾಕಿಸಿದ್ದೀರಿ. ಬೀಗ ತೆಗೆಸೋಣವೆಂದರೆ ಅದರ ಕೈ ಎಲ್ಲಿದೆಯೆಂದು ನಿಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರ.

ಹೈದರಾಬಾದಿನ ಅಧಿಕಾರಿಗೆ ಕನ್ನಡದಲ್ಲೇಕೆ ಬರೆಯುತ್ತಿದ್ದಾಳೆ ಈ ಹೆಂಗಸು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲು ತೆಲುಗಿನಲ್ಲಿ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಬರೆದೆ, ಅದಕ್ಕೂ ಬರಲಿಲ್ಲ. ಯಾವ ಭಾಷೆಯಲ್ಲಿ ಬರೆದರೂ ಉತ್ತರವಿಲ್ಲ ಎಂದಮೇಲೆ ನನ್ನ ಭಾಷೆಯಲ್ಲಿ ಬರೆಯುವ ಸುಖವನ್ನು ನಾನೇಕೆ ಬಿಡಲಿ? ನಮ್ಮ ಕನ್ನಡ ಸಂಘದ ಪತ್ರಿಕೆಯವರು ಅಚ್ಚುಹಾಕುತ್ತೇವೆ ಎಂದಿದ್ದಾರೆ. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ, ಚಹಾದ ಹೊತ್ತಿಗೆ ಓದಿಸಿಕೊಳ್ಳಿ.

ಈಗ ಆ ಮೂಲೆಯ ಸಂಗತಿ. ಶಾಲೆಯ ಕಾಂಪೌಂಡಿಗೆ ಹೊಂದಿಕೊಂಡಂತೆ, ನಮ್ಮ ಮನೆಯ ಅಡುಗೆಮನೆ ಕಿಟಕಿಗೆ ಸರಿಯಾಗಿ ಎದುರಿಗೆ ಅದು ಇದೆ. ಒಂದು ಕಾಲಕ್ಕೆ ಅಲ್ಲಿ ನಿಮ್ಮ ಕಸದ ತೊಟ್ಟಿ ಇತ್ತು. ನಗರಕ್ಕೆ ತೊಟ್ಟಿಗಳೇ ಬೇಡವೆಂದು ನೀವು ಅದನ್ನು ಎತ್ತಿಕೊಂಡು ಹೋದಿರಿ. ಜನರು ಮಾತ್ರ ಆ ಜಾಗಕ್ಕೆ ನಿಷ್ಠರಾಗಿ ಉಳಿದು ಅಲ್ಲೇ ಕಸ ಒಗೆದರು. ಯಜಮಾನರಿಗೆ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಾಗಲಕೋಟೆಯಿಂದ ಬಂದವರು ನಾವು. ಬಂದಾಗಿನಿಂದ ಆ ಕಿಟಕಿ ತೆರೆದದ್ದೇ ಇರಲಿಲ್ಲ. ಒಗ್ಗರಣೆಯ ಘಾಟು ಒಳಗೇ ಸುತ್ತಿ ಕೆಮ್ಮು ಬಂದಾಗಲೆಲ್ಲ ನಮ್ಮ ಅತ್ತೆ ಅಂಬವ್ವ, “ಕಿಟಕಿ ಯಾಕ ಇಟ್ಟಾರವ್ವ ಈ ಮನಿಗೆ, ಗ್ವಾಡಿನ ಕಟ್ಟಬಾರದಿತ್ತೇನು?” ಎನ್ನುತ್ತಿದ್ದರು.

ಆ ಶಾಲೆಯ ಏಳನೆಯ ತರಗತಿಯ ಮಕ್ಕಳು ತಮ್ಮ ಸಪ್ನಾ ಟೀಚರ್ ಜೊತೆ ಸೇರಿ ಆ ಮೂಲೆಯನ್ನು ಸ್ವಚ್ಛ ಮಾಡಿದರು. ಸ್ವಚ್ಛ ಮಾಡುವುದು ದೊಡ್ಡ ಮಾತಲ್ಲ, ನೀವೂ ಕ್ಯಾಮೆರಾ ಬಂದ ದಿನ ಮಾಡಿದ್ದುಂಟು. ದೊಡ್ಡ ಮಾತೆಂದರೆ ಮರುದಿನ ಅವರು ಮಾಡಿದ್ದು. ಯಾರನ್ನೂ ಬೈಯದೆ, ಯಾರಿಗೂ ದಂಡ ಹಾಕದೆ, ಪ್ರಾರ್ಥನೆಗೆ ಮುಂಚೆ ಅಲ್ಲಿ ನೀರು ಚಿಮುಕಿಸಿ ದೊಡ್ಡದೊಂದು ರಂಗೋಲಿ ಹಾಕಿದರು. ದಿನಾಲೂ ಹಾಕಿದರು. ನಮ್ಮ ಜನ ಏನು ಮಾಡಿಯಾರು, ರಂಗೋಲಿಯ ಮೇಲೆ ಕಸ ಒಗೆಯಲು ಮಾತ್ರ ಅವರಿಗೆ ಕೈ ಬರುವುದಿಲ್ಲ. ಪಕ್ಕದ ಬೀದಿಯ ಪರಮೇಶ ಎಂಬವರು ಸ್ಕೂಟರಿನಲ್ಲಿ ಕಸದ ಚೀಲ ತಂದು, ರಂಗೋಲಿ ನೋಡಿ, ಅತ್ತಿತ್ತ ನೋಡಿ, ಕೊನೆಗೆ ಚೀಲದ ಸಮೇತ ಮನೆಗೆ ಹಿಂದಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಂದೇ ಕಿಟಕಿ ತೆರೆದೆ.

ಆಮೇಲೆ ಗಿಡ ನೆಟ್ಟರು. ದಾಸವಾಳ, ಕಣಗಿಲೆ, ನಡುವೆ ಒಂದು ಬನ್ನಿ. ಮಧ್ಯಾಹ್ನದ ಊಟವಾದ ಮೇಲೆ ಕೈ ತಟ್ಟೆ ತೊಳೆದ ನೀರೆಲ್ಲ ಹರಿದು ಅಲ್ಲಿಗೇ ಬರುವಂತೆ ಸಣ್ಣ ಕಾಲುವೆ ತೋಡಿಕೊಂಡರು. ಬೇಸಿಗೆ ರಜೆಯಲ್ಲಿ ಸರದಿಯ ಮೇಲೆ ಕ್ಯಾನು ಹೊತ್ತರು. ರಜೆಗೆ ಮುಂಚಿನ ಕೊನೆಯ ದಿನ ಏಳನೆಯವರು ಆರನೆಯವರಿಗೆ ಆ ಕ್ಯಾನನ್ನು ಒಪ್ಪಿಸುವುದು ಅಲ್ಲಿ ಈಗ ಪದ್ಧತಿಯೇ ಆಗಿದೆ. ನಿಮ್ಮಲ್ಲಿ ಒಬ್ಬ ಅಧಿಕಾರಿ ವರ್ಗವಾದರೆ ಇಷ್ಟು ಅಚ್ಚುಕಟ್ಟಾಗಿ ಅಧಿಕಾರ ವಹಿಸಿಕೊಡುತ್ತಾರೆಯೇ?

ಎಡವಟ್ಟಾದದ್ದು ಹೋದ ದಸರೆಗೆ. ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವುದು ನಮ್ಮ ಕಡೆಯೂ ಉಂಟು, ಇಲ್ಲಿಯ ತೆಲುಗರಲ್ಲೂ ಉಂಟು, ಅವರು ಅದನ್ನು ಜಮ್ಮಿ ಎನ್ನುತ್ತಾರೆ. ಬಜಾರಿನಲ್ಲಿ ಕೊಂಡು ತರುತ್ತಿದ್ದ ಕಾಲನಿಗೆ ಈಗ ಸ್ವಂತದ್ದೊಂದು ಗಿಡ! ಸಂಜೆ ಹೊಸ ಬಟ್ಟೆ ತೊಟ್ಟು ಎಲ್ಲರೂ ಬಂದರು. ಪ್ರತಿಯೊಬ್ಬರಿಗೂ ಬೇಕಾದದ್ದು ಒಂದೊಂದೇ ಹಿಡಿ. ಎಲ್ಲರೂ ಅಪ್ಪಿಕೊಂಡು, ಹಿರಿಯರ ಕಾಲಿಗೆ ಬಿದ್ದು, “ಬಂಗಾರದಂಗ ಇರೂಣು” ಎಂದು ಹೇಳಿ ಮನೆಗೆ ಹೋದ ಮೇಲೆ ನೋಡಿದರೆ ಗಿಡದಲ್ಲಿ ಮುಳ್ಳು ಬಿಟ್ಟರೆ ಏನೂ ಉಳಿದಿರಲಿಲ್ಲ. ಮಕ್ಕಳು ಅತ್ತರು. ಆಗ ತೇಜಸ್ವಿನಿ ಎಂಬ ಹುಡುಗಿ, ಕೊಪ್ಪಳದ ಕಡೆಯವರ ಮಗಳು, ತಮ್ಮ ತರಗತಿಯ ಪರವಾಗಿ ನಿಮಗೊಂದು ಅರ್ಜಿ ಬರೆದಳು: ದಯವಿಟ್ಟು ನಮ್ಮ ಗಿಡಕ್ಕೆ ರಕ್ಷಣೆ ಕೊಡಿ.

ಕೊಟ್ಟಿರಿ ಸ್ವಾಮಿ! ನಾನು ಬರೆದರೆ ಮಿಸುಕದ ಕಚೇರಿ ಒಬ್ಬ ಹುಡುಗಿಯ ಅರ್ಜಿಗೆ ಎದ್ದು ಬಂತು, ಅದಕ್ಕೆ ನಿಜಕ್ಕೂ ಕೈಮುಗಿಯುತ್ತೇನೆ. ಸಿಮೆಂಟಿನ ಕಟ್ಟೆ ಬಂತು, ಅದರ ಮೇಲೆ ಆಳೆತ್ತರದ ಕಬ್ಬಿಣದ ಜಾಲರಿ ಬಂತು, ಗೇಟು ಬಂತು, ಹಸಿರು ಬೋರ್ಡು ಬಂತು. ಬೋರ್ಡಿನ ಮೇಲೆ ಅತಿಥಿಗಳ ಹೆಸರು, ಕೆಳಗೆ ‘ಗಿಡಗಳನ್ನು ಪ್ರೀತಿಸಿ’, ಅದರ ಕೆಳಗೆ ‘ಪ್ರವೇಶವಿಲ್ಲ’ ಎಂದು ತೆಲುಗಿನಲ್ಲಿ ಬರೆಸಿದಿರಿ. ಉದ್ಘಾಟನೆಗೆ ಮಕ್ಕಳನ್ನು ಕರೆದು ಚಪ್ಪಾಳೆ ಹೊಡೆಸಿದಿರಿ, ಚಾಕಲೇಟೂ ಕೊಟ್ಟಿರಿ. ಆಮೇಲೆ ಬೀಗ ಹಾಕಿಕೊಂಡು ಹೊರಟುಹೋದಿರಿ. ನಮ್ಮ ಅತ್ತೆ ಅದನ್ನು ನೋಡಿ, “ಚಲೋ ಆತು ಬಿಡು. ಮಗಳನ್ನ ಕೊಟ್ಟು ಮದಿವಿ ಮಾಡಿ, ಮಾರಿ ನೋಡಬ್ಯಾಡ್ರಿ ಅಂದಂಗಾತು” ಎಂದರು.

ನಿಮ್ಮ ಕಟ್ಟೆ ಮಕ್ಕಳ ಕಾಲುವೆಯ ಮೇಲೇ ಕೂತಿದೆ. ತಟ್ಟೆ ತೊಳೆದ ನೀರು ಈಗ ರಸ್ತೆಗೆ ಹರಿಯುತ್ತದೆ, ಒಳಗೆ ದಾಸವಾಳ ಒಣಗುತ್ತದೆ. ನಿಮ್ಮ ಕಚೇರಿಗೆ ಫೋನು ಮಾಡಿದರೆ “ತಾಳಂ ಮಾ ದಗ್ಗರ ಲೇದಮ್ಮಾ” ಎಂದರು, ಬೀಗದ ಕೈ ನಮ್ಮಲ್ಲಿಲ್ಲ ಎಂದು. ಮತ್ತೆ ಯಾರಲ್ಲಿದೆ? ಗುತ್ತಿಗೆದಾರರನ್ನು ಕೇಳಿ. ಗುತ್ತಿಗೆದಾರರು ಕಚೇರಿಯನ್ನು ಕೇಳಿ ಎಂದರು. ನಿಮ್ಮ ಕಚೇರಿಯ ಒಬ್ಬರಂತೂ ಬನ್ನಿಗೆ ನೀರೇ ಬೇಡ, ಅದು ಒಣನೆಲದ ಮರ ಎಂದು ನನಗೆ ಪಾಠ ಹೇಳಿದರು. ಬೇರು ಆಳಕ್ಕೆ ಇಳಿದ ಮರಕ್ಕೆ ಆ ಮಾತು ಸರಿ. ಮಕ್ಕಳ ಎತ್ತರದ, ಒಮ್ಮೆ ಬೋಳಾಗಿ ಮತ್ತೆ ಚಿಗುರುತ್ತಿರುವ ಗಿಡಕ್ಕೆ ಹೇಗೆ ಸರಿ?

ಹೋಳಿ ಮುಗಿದ ಮರುದಿನ ಪಿಚಕಾರಿ ಹೊರಬಂತು. ಬಿಸಿಲಿಗೆ ಶಾಲೆ ಈಗ ಒಪ್ಪೊತ್ತು. ಊಟ ಮುಗಿಸಿ ಮನೆಗೆ ಹೋಗುವ ಮುಂಚೆ ಮಕ್ಕಳು ಜಾಲರಿಯ ಸುತ್ತ ಸಾಲಾಗಿ ನಿಂತು ಗುರಿಯಿಡುತ್ತಾರೆ. ಬಕೆಟ್ಟು ನಮ್ಮದು. ಅತ್ತೆ ಬಾಗಿಲಲ್ಲಿ ಕುಳಿತು, “ಗಿಡದ ಬಡ್ಡಿಗೆ ಹೊಡೀರಿ, ಎಲಿಗೆ ಯಾಕ ಹೊಡೀತೀರಿ!” ಎಂದು ಕೂಗುತ್ತಾರೆ. ನೋಡಲು ಮೋಜಾಗಿದೆ. ಅರ್ಧ ನೀರು ಬೋರ್ಡಿನ ಮೇಲಿನ ಹೆಸರುಗಳಿಗೇ ಬೀಳುತ್ತದೆ, ಅವೂ ಚಿಗುರಲಿ ಎಂದು ಸುಮ್ಮನಿದ್ದೇವೆ.

ನಗು ನಿಂತದ್ದು ಮೊನ್ನೆ. ಬಕೆಟ್ಟು ಮರಳಿ ಕೊಡಲು ಬಂದ ತೇಜಸ್ವಿನಿ ನಮ್ಮ ಬಾಗಿಲಲ್ಲಿ ನಿಂತು, “ಆಂಟಿ, ನಾವು ಅರ್ಜಿ ಬರೆದಿದ್ದು ತಪ್ಪಾತೇನ್ರಿ? ಸುಮ್ನ ಇದ್ದಿದ್ರ ಗಿಡ ನಮ್ಮ ಕಡೆನ ಇರ್ತಿತ್ತಲ್ರಿ?” ಎಂದು ಕೇಳಿದಳು.

ನನಗೆ ಸಂಕಟವಾಯಿತು. ಇಲ್ಲಮ್ಮ, ಒಳ್ಳೆಯದೇ ಮಾಡಿದಿರಿ ಎಂದೆನೇನೋ ಹೌದು, ಆದರೆ ಆ ಮಾತಿನಲ್ಲಿ ಬಲವಿರಲಿಲ್ಲ, ಅದು ಅವಳಿಗೂ ತಿಳಿಯಿತು. ದಾಸವಾಳ ಒಣಗಿದರೆ ಇನ್ನೊಂದು ನೆಡಬಹುದು. ಸರ್ಕಾರಕ್ಕೆ ಬರೆದರೆ ಇದ್ದದ್ದೂ ಕೈತಪ್ಪುತ್ತದೆ ಎಂದು ಈ ವಯಸ್ಸಿಗೇ ಕಲಿತವಳಿಗೆ ನಾನು ಯಾವ ಪಾಠ ಹೇಳಲಿ? ಆ ಪಾಠ ಬದಲಿಸುವ ಶಕ್ತಿ ನನಗಿಲ್ಲ. ನಿಮಗಿದೆ, ಅದೂ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣದು.

ಆದ್ದರಿಂದ ನನ್ನ ಬೇಡಿಕೆ. ರಜೆಗೆ ಮುಂಚಿನ ಕೊನೆಯ ದಿನ, ಮಕ್ಕಳು ಕ್ಯಾನು ಒಪ್ಪಿಸುವ ಹೊತ್ತಿಗೆ, ತಾವು ಖುದ್ದಾಗಿ ದಯಮಾಡಿಸಬೇಕು. ಕಾಲುವೆಗೆ ದಾರಿಯಾಗುವಂತೆ ಕಟ್ಟೆಯಲ್ಲೊಂದು ತೂತು ಕೊರೆಸಬೇಕು. ಬೇಲಿ ಇರಲಿ, ದಸರೆಯ ದಿನ ನಮ್ಮಂಥವರನ್ನು ತಡೆಯಲು ಅದು ಬೇಕೇ ಬೇಕು. ಬೀಗವೂ ಇರಲಿ, ಅದರ ಕೈ ಮಾತ್ರ ಮಕ್ಕಳ ಹತ್ತಿರ ಇರಲಿ. ತಾವು ಬಾರದಿದ್ದರೆ ಈ ಸಲ ಆರನೆಯವರಿಗೆ ಪಿಚಕಾರಿಯನ್ನೇ ಒಪ್ಪಿಸುವುದೆಂದು ತೀರ್ಮಾನವಾಗಿದೆ.

ಬಂದಾಗ ಭಾಷಣ ಬೇಡ, ಚಾಕಲೇಟೂ ಬೇಡ. ಬೀಗದ ಕೈಯನ್ನು ತೇಜಸ್ವಿನಿಯ ಕೈಗೆ ಕೊಟ್ಟು, ನೀನು ಬರೆದದ್ದು ಒಳ್ಳೆಯದಾಯಿತು ಮಗಳೇ ಎಂದು ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಕಿಟಕಿಯನ್ನು ಇನ್ನೂ ಮುಚ್ಚದೆ, ಬಕೆಟ್ಟು ತುಂಬಿಟ್ಟು ಕಾಯುತ್ತಿರುವ ಎದುರುಮನೆಯವಳು
ಸುಭದ್ರಾ, ಕುಷಾಯಿಗೂಡ