ಮುಕ್ಕಾಲು ಎಲೆಕ್ಟ್ರಾನ್

ಚಳ್ಳಕೆರೆ
12-2-2025, ಬುಧವಾರ

ಮೊಳಕಾಲ್ಮೂರು ಮಗ್ಗದ ಮನೆಯ ಜ್ಯೇಷ್ಠ ಪುತ್ರಿ, ಧರ್ಮಾವರದ ಹಿರಿಸೊಸೆ, ಕಡ್ಲೇಕಾಯಿ ಎಣ್ಣೆಯ ಹನಿಯೊಂದನ್ನು ನಡುಗಾಳಿಯಲ್ಲಿ ಅಲ್ಲಾಡದಂತೆ ನಿಲ್ಲಿಸಿದ ವೀರವನಿತೆ, ಶ್ರೀಮತಿ ವೀಣಕ್ಕನವರ ದಿವ್ಯಪಾದಗಳಿಗೆ ಬಿ.ಎಸ್ಸಿ. ಕೊನೇ ವರ್ಷದ ತಮ್ಮ ಚೌಡೇಶನು ಸಾಷ್ಟಾಂಗವೆರಗಿ ಬಿನ್ನವಿಸುವುದೇನೆಂದರೆ,

ಹುಷಾರಾಗಿದ್ದೀಯಾ ಅಕ್ಕಾ? ಬೆನ್ನುನೋವು ಹೇಗಿದೆ? ಬಾವನವರನ್ನ ಕೇಳಿದೆ ಅಂತ ಹೇಳು. ಅವ್ವ ಚೆನ್ನಾಗಿದಾಳೆ. ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದಾಯ್ತು. ಈಗ ಸೀರೆಯ ತಪ್ಪೆಳೆ ಮಾತ್ರವಲ್ಲ, ನನ್ನ ಗಡ್ಡವೂ ಕಾಣ್ತೈತಂತೆ; ದಿನಾ ಮಂಗಳಾರತಿ.

ಇನ್ನು ಘನವಾದ ವಿಚಾರ. ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಕಾಗದ. ನಾಲ್ಕು ವರ್ಷದ ಹಿಂದೆ ನೀನು ಪ್ರಾಜೆಕ್ಟಿಗೆಂದು ನಮ್ಮ ಮಗ್ಗದ ಕೋಣೆಯಲ್ಲಿ ಕೂತು ಮಾಡಿದ ಪೆಟ್ಟಿಗೆ ಇನ್ನೂ ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಐತೆ. ಅವೇ ಎರಡು ಹಿತ್ತಾಳೆ ತಟ್ಟೆ, ನಡುವೆ ಸಂದು ಬಿಡೋಕೆ ಅವ್ವನ ಕಂದು ಪ್ಲಾಸ್ಟಿಕ್ ಬಳೆ. ಹೋದ ವಾರ ಅದರ ಧೂಳು ಒರೆಸಿ, ಗಾಣದ ಎಣ್ಣೆ ಸಿಂಪಡಿಸಿ, ಕರೆಂಟು ಕೊಟ್ಟು ದುರ್ಬೀನಿನಲ್ಲಿ ಕಣ್ಣಿಟ್ಟೆ. ಹನಿಗಳು ನಕ್ಷತ್ರದ ಹಾಗೆ ಹೊಳೀತಾ ಕೆಳಗಿಳಿದವು. ವೋಲ್ಟೇಜ್ ಏರಿಸುತ್ತಾ ಹೋದಂತೆ ಒಂದು ಹನಿ ನಿಂತೇಬಿಡ್ತು. ಭೂಮಿ ಕೆಳಗೆ ಎಳೆಯುವಷ್ಟೇ ಕರೆಂಟು ಮೇಲೆ ಎಳೆಯುತ್ತೆ. ಹನಿಯ ತೂಕಕ್ಕೆ ತಟ್ಟೆಗಳ ನಡುವಿನ ಸಂದನ್ನು ಗುಣಿಸಿ, ವೋಲ್ಟೇಜಿನಿಂದ ಭಾಗಿಸಿದರೆ ಅದರ ಮೈಮೇಲಿನ ಚಾರ್ಜು. ಕರೆಂಟು ತೆಗೆದು, ಹನಿ ಬೀಳುವ ವೇಗ ನೋಡಿ ತೂಕ ಹಿಡಿಯಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನೀನೇ.

ನನಗೆ ಒಂದು ಎಲೆಕ್ಟ್ರಾನಿನ ಚಾರ್ಜು ಪುಸ್ತಕದಲ್ಲಿದ್ದಂತೆ ಸರಿಯಾಗಿ ಬಂತು, 1.6. ನಿನಗೆ ಬಂದಿದ್ದು 1.2. ಶಾಂತವೀರಪ್ಪ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, "ಏನಮ್ಮಾ ತಾಯಿ, ನಿನಗೊಬ್ಬಳಿಗೇ ಮುಕ್ಕಾಲು ಎಲೆಕ್ಟ್ರಾನಾ? ಡಿಸ್ಕೌಂಟಾ?" ಅಂದಿದ್ದರಂತೆ. ಅಂಕಿ ತಿದ್ದಿ ತಾ, ಸಹಿ ಹಾಕ್ತೀನಿ ಅಂದರೂ ನೀನು ತಿದ್ದಲಿಲ್ಲ. "ನಾ ಕಂಡಿದ್ದು ಇದೇ ಸರ್" ಅಂದೆ. ಸಹಿ ಬೀಳಲಿಲ್ಲ, ಪ್ರಾಕ್ಟಿಕಲ್ ಹಾಗೇ ಉಳೀತು. ಈಗ ಬಾವನವರೇ ಮುಗಿಸ್ಕೋ ಅಂದರೂ, "ನನಗೆ ಕೈ ಕೂರಲ್ಲ ಕಣೋ, ಕಣ್ಣೂ ಕೂರಲ್ಲ" ಅಂತೀಯ.

ಆದ್ದರಿಂದ ಅಕ್ಕಾ, ನಿನ್ನ ಹಳೇ ರೆಕಾರ್ಡನ್ನು ಕೈಕಾಲು ತೊಳೆದು ಬಿಚ್ಚಿದೆ. ಇಪ್ಪತ್ತೆರಡು ಹನಿ. ಒಂದರ ಮೇಲೆ 1.2, ಇನ್ನೊಂದರ ಮೇಲೆ ಅದರ ಎರಡರಷ್ಟು, ಮತ್ತೊಂದರ ಮೇಲೆ ಮೂರರಷ್ಟು. ಎಲ್ಲೂ ಅಡ್ಡಾದಿಡ್ಡಿ ಇಲ್ಲ. ಕೈ ನಡುಗಿದವರ ಅಂಕಿ ಹೀಗೆ ಸಾಲಾಗಿ ನಿಲ್ಲೋದಿಲ್ಲ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಮ್ಮಿ ಅಂದರೆ ತಪ್ಪಿರೋದು ಒಂದೇ ಅಳತೆ: ಸಂದು. ಭಾನುವಾರ ನೀನು ಅಳೆದಾಗ ಐದು ಮಿಲಿಮೀಟರ್ ಇದ್ದದ್ದು, ಸೋಮವಾರ ಹನಿ ನೋಡುವ ಹೊತ್ತಿಗೆ ಆರೂವರೆ ದಾಟಿತ್ತು. ಯಾವುದೋ ದುರಾತ್ಮ ಮೇಲಿನ ತಟ್ಟೆ ಎತ್ತರಿಸಿದ್ದಾನೆ. ಇದು ನನ್ನ ಗಂಭೀರ ಸಂಶೋಧನೆ. ಮೇಷ್ಟ್ರಿಗೂ ತೋರಿಸಿದೆ. ಇಪ್ಪತ್ತೆರಡೂ ಹನಿಯ ಲೆಕ್ಕ ತಾವೇ ಮತ್ತೆ ಮಾಡಿ ನೋಡಿ, "ಆ ಹುಡುಗೀನ ಕರಿಯಪ್ಪ" ಅಂದರು.

ಪ್ರಾಕ್ಟಿಕಲ್ ಮತ್ತೆ ಕಟ್ಟುವ ಅರ್ಜಿ ಈ ಕವರಿನಲ್ಲೇ ಐತೆ. ಮುಂದಿನ ವಾರದ ಗುರುವಾರ ಕೊನೇ ದಿನ. ನಿನ್ನ ಕೈಯಷ್ಟು ನೆಟ್ಟಗಿನ ಕೈ ಈ ಲ್ಯಾಬಿನಲ್ಲಿ ಇನ್ನೊಂದಿಲ್ಲ.

ಅಪ್ಪ ಅವ್ವನ ಆಶೀರ್ವಾದ ನಿನಗೆ, ನನ್ನ ನಮಸ್ಕಾರ ಬಾವನವರಿಗೆ.

ನಿನ್ನ ತಮ್ಮ,
ಚೌಡೇಶ

ಮರೆತಿದ್ದೆ: ಈ ಕಾಗದ ತರುವ ನನ್ನ ಗೆಳೆಯ ಓಬಳೇಶ ಧರ್ಮಾವರದ ಬಸ್ಸು ಹತ್ತಿ ಕೂತವ್ನೆ, ಕಿಟಕಿಯಿಂದ ಕೈ ಚಾಚಿ ಕವರು ಕೇಳ್ತಾವ್ನೆ. ಕವರಿನ ತಳದಲ್ಲಿ ರಟ್ಟಿನ ನಾಲ್ಕು ಬಿಲ್ಲೆ ಐತೆ ನೋಡು. ಸೀರೆಗೆ ಹೂವು ಮೂಡಿಸುವ ನಮ್ಮ ಮಗ್ಗದ ಜಕಾರ್ಡಿನ ಹರಿದ ಅಟ್ಟೆ, ಬಳೆಯ ಅಳತೆಗೆ ಕತ್ತರಿಸಿದ್ದು. ಆ ಸೋಮವಾರ ಬೆಳಿಗ್ಗೆ ನೀನು ಜಳಕಕ್ಕೆ ಹೋದಾಗ ಇವನ್ನು ಒಂದರ ಮೇಲೊಂದಿಟ್ಟು ಬಳೆಯ ಕೆಳಗೆ ತೂರಿಸಿದವನು ನಾನೇ. ಹನಿ ನಿಲ್ಲದೆ ನೀನು ಪೇಚಾಡೋದು ನೋಡಬೇಕಿತ್ತು, ಅಷ್ಟೇ. ನೀನು ನಿಲ್ಲಿಸಿಬಿಟ್ಟೆ. ಸಂಜೆ ತೆಗೆದೆ. ನೀನು ಅಳ್ತಾ ಮನೆಗೆ ಬಂದ ದಿನ ಬಾಯಿ ಬಿಡೋಕೆ ಆಗಲಿಲ್ಲ. ಸಂಶೋಧನೆ ಗಿಂಶೋಧನೆ ಏನೂ ಮಾಡಲಿಲ್ಲ ಅಕ್ಕಾ. ಉತ್ತರ ನಾಲ್ಕು ವರ್ಷದಿಂದ ನನ್ನ ಪೆನ್ಸಿಲ್ ಡಬ್ಬದಲ್ಲೇ ಇತ್ತು.